ಡಾಕ್ಟರ್ ರೀಸ್ ತೀರಿಕೊಂಡ ಶುಕ್ರವಾರ

ನ್ಯೂಯಾರ್ಕ್
೧೯ ಸೆಪ್ಟೆಂಬರ್ ೧೯೬೬

ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಪುರುಸೊತ್ತು ಬೇಕಾದಷ್ಟಿತ್ತು, ಬರೆಯಲು ಏನೂ ಇರಲಿಲ್ಲ. ಈಗ ಒಂದಿದೆ.

ಡಾಕ್ಟರ್ ರೀಸ್ ಸಾಯುತ್ತಾನೆ. ನವೆಂಬರಿನಲ್ಲಿ ಅಂತ ಕಾಣುತ್ತದೆ. ನಮ್ಮ ಟಿವಿ ಧಾರಾವಾಹಿಯಲ್ಲಿ ಇಂಥದ್ದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಬರುವ ವಾರದ ಮಾತಿನ ಹಾಳೆಗಳು ಕೈಗೆ ಬರುತ್ತವೆ. ಅದರಲ್ಲಿ ನಮ್ಮ ಪಾತ್ರ ಕಾರಣವಿಲ್ಲದೆ ಕೆಮ್ಮಿದರೆ ಬೇರೆ ಕೆಲಸ ನೋಡಿಕೊಳ್ಳಬೇಕು ಎಂದು ಅರ್ಥ. ಹೋದ ಸೋಮವಾರ ನಾನು ಕೆಮ್ಮಿದೆ. ನರ್ಸ್ ಪಾತ್ರ ಮಾಡುವ ಹುಡುಗಿ ಹಾಳೆ ಓದಿ, "ಅಯ್ಯೋ ಲೊವೆಲ್, ನಿಂಗೂ ಬಂತಲ್ಲೋ ಕೆಮ್ಮು" ಅಂದಳು. ಉಳಿದವರು ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡಿದರು.

ನನಗೇನೂ ಅನ್ನಿಸುತ್ತಿಲ್ಲ. ಆರು ವರ್ಷ ಡಾಕ್ಟರ್ ರೀಸ್ ಆಗಿ ಒಂದೇ ಬಿಳಿ ಕೋಟು ತೊಟ್ಟಿದ್ದಾಯಿತು. ಯೋಚನೆಯೆಲ್ಲ ಅಮ್ಮನದು. ಅವಳು ದಿನಾ ನೋಡುತ್ತಾಳೆ ಅಂತ ನೀನೇ ಬರೆದಿದ್ದೆ. ಆ ದಿನ ಅವಳ ಕಣ್ಣಿಗೆ ಟಿವಿ ಬೀಳದ ಹಾಗೆ ಮಾಡಬೇಕು. ದಿನ ಯಾವುದೆಂದು ಗೊತ್ತಾದ ಕೂಡಲೇ ತಿಳಿಸುತ್ತೇನೆ. ಮಗ ಸಾಯುವುದನ್ನು ಅವಳು ಕೂತು ನೋಡುವುದು ಬೇಡ.

ಲೊವೆಲ್


ಹೌಗೆನ್ ಪ್ರೇರಿ, ಮಿನ್ನೆಸೋಟ
೨೬ ಸೆಪ್ಟೆಂಬರ್ ೧೯೬೬

ಪ್ರೀತಿಯ ತಮ್ಮ ಲೊವೆಲ್‌ಗೆ,

ಕರ್ತನ ಕೃಪೆಯಿಂದ ನಾವೆಲ್ಲ ಕ್ಷೇಮ. ನಿನ್ನ ಕಾಗದ ಓದಿ ನಿನ್ನ ಭಾವ ಮೆಲ್ವಿನ್ ಕೈಗೆ ಕೊಟ್ಟೆ. ಅವನು ಓದಿ, "ಹಂಗಾದ್ರೆ ಇನ್ಮೇಲೆ ನಂಗೆ ಮಧ್ಯಾಹ್ನ ಬಿಸಿ ಊಟ ಸಿಗುತ್ತೆ" ಅಂದ. ನಗಿಸಲು ಹೇಳಿದ್ದು. ಬೆಣ್ಣೆ ಕಾರ್ಖಾನೆಯಲ್ಲಿ ಹಗಲೆಲ್ಲ ದುಡಿದು ಬರುವವನು, ಅವನ ನಗೆಮಾತಿಗೆ ನಾನು ಲೆಕ್ಕವಿಡುವುದಿಲ್ಲ.

ಅಮ್ಮನ ವಿಷಯ ಕೇಳಿದ್ದೀಯ. ಅವಳ ನೆನಪು ಅಲ್ಲಲ್ಲಿ ತೂತು ಬಿದ್ದ ಕಾಲುಚೀಲದ ಹಾಗಿದೆ. ಬೆಳಿಗ್ಗೆ ತಿಂದದ್ದು ಮರೆಯುತ್ತಾಳೆ, ನೀನು ಬರುವ ಹೊತ್ತು ಮರೆಯುವುದಿಲ್ಲ. ಹನ್ನೆರಡೂವರೆಗೆ ಮೊದಲೇ ಕೈ ತೊಳೆದು, ಒಗೆದ ಏಪ್ರನ್ ಕಟ್ಟಿ, ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. "ಲೊವೆಲ್ ಬರೋ ಹೊತ್ತಾಯ್ತು, ಸದ್ದು ಮಾಡ್ಬೇಡ್ರೇ" ಅನ್ನುತ್ತಾಳೆ. ನೀನು ಕಂಡರೆ ಮಾತಾಡಿಸುತ್ತಾಳೆ. "ಯಾಕೋ ಮುಖ ಬಾಡಿದೆ? ಉಂಡ್ಯಾ?" ಆ ನರ್ಸ್ ಬಂದರೆ, "ಇವಳ ಸಹವಾಸ ಬೇಡ ಕಣೋ, ಕಣ್ಣು ಸರಿಯಿಲ್ಲ ಇವಳದ್ದು." ಮುಗಿದ ಮೇಲೆ, "ಆಯ್ತು, ಹೋಗ್ಬಾ." ಹೀಗೆ ಆರು ವರ್ಷದಿಂದ ಅವಳು ನಿನ್ನನ್ನು ದಿನಾ ಕಳಿಸಿಕೊಡುತ್ತಿದ್ದಾಳೆ.

ಪಾಸ್ಟರ್ ಎಂಗೆನ್ ಅವರನ್ನು ಒಮ್ಮೆ ಕೇಳಿದ್ದೆ, ಇದು ತಪ್ಪಲ್ಲವೇ ಅಂತ. "ಮಗನ್ನ ನೋಡ್ತಾರೆ, ನೋಡ್ಲಿ ಬಿಡಿ ಆರ್ಡಿಸ್. ಪಾಪ ಎಲ್ಲಿಂದ ಬಂತು?" ಅಂದರು.

ನೀನು ಹೇಳಿದಂತೆ ಮಾಡುತ್ತೇನೆ. ಆದರೆ ಒಂದು ಮಾತು. ಡಾಕ್ಟರು ಸತ್ತ ಮಾರನೆಯ ದಿನವೂ ಅವಳು ಕೈ ತೊಳೆದು ಕುರ್ಚಿ ಎಳೆದುಕೊಳ್ಳುತ್ತಾಳಲ್ಲ. ಆಗ ಏನು ಹೇಳಲಿ? ನೀನೇ ಒಂದು ಸಲ ಬಂದುಹೋಗು. ನೀನು ಮನೆಗೆ ಬಂದೂ ಆರು ವರ್ಷವಾಯಿತು.

ನಿನ್ನ ಅಕ್ಕ,
ಆರ್ಡಿಸ್


ನ್ಯೂಯಾರ್ಕ್
೨ ನವೆಂಬರ್ ೧೯೬೬

ಅಕ್ಕ,

ದಿನ ಗೊತ್ತಾಯಿತು. ಬರುವ ವಾರದ ಶುಕ್ರವಾರ. ದೊಡ್ಡ ಸಾವುಗಳನ್ನು ಶುಕ್ರವಾರವೇ ಇಡುತ್ತಾರೆ. ಶನಿವಾರ ಭಾನುವಾರ ಅತ್ತುಕೊಂಡು ಸೋಮವಾರ ಜನ ಮತ್ತೆ ಟಿವಿ ಹಾಕುತ್ತಾರೆ ಅನ್ನುವುದು ಇಲ್ಲಿಯವರ ಅನುಭವ.

ಮಂಚದ ಮೇಲೆ ಸಾಯುವುದು, ಮಾತು ಕಡಿಮೆ. ನೇರ ಪ್ರಸಾರವಾದ್ದರಿಂದ ಸತ್ತ ಮೇಲೆ ಉಸಿರು ಬಿಗಿಹಿಡಿದು ಮಲಗಿರಬೇಕು. ಕ್ಯಾಮೆರಾ ಹೆಂಡತಿಯ ಮುಖಕ್ಕೆ ಹೋದಾಗ ಒಂದು ಉಸಿರು ತೆಗೆದುಕೊಳ್ಳಬಹುದು ಎಂದು ತೋರಿಸಿಕೊಟ್ಟಿದ್ದಾರೆ.

ನನ್ನ ಬಗ್ಗೆ ಚಿಂತೆ ಬೇಡ. ಬ್ರಾಡ್‌ವೇಯಲ್ಲಿ ಒಂದು ನಾಟಕ ಸಿಕ್ಕಿದೆ, ಒಳ್ಳೆಯ ನಾಟಕ. ಧಾರಾವಾಹಿಯಲ್ಲಿ ನನ್ನ ಪಾತ್ರ ಮುಗಿದ ಮಾರನೆಯ ಸೋಮವಾರದಿಂದಲೇ ಕೆಲಸ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಡೇರೆ ನಾಟಕದವರ ಲಾರಿ ಹತ್ತಿದೆನಲ್ಲ, ಆಗಿನಿಂದ ಲೆಕ್ಕ ಹಾಕುತ್ತಾ ಕೂತಿದ್ದೆ. ಅಯೋವಾ, ನೆಬ್ರಾಸ್ಕದ ಹಳ್ಳಿಗಳಲ್ಲಿ ಕೆಂಪು ವಿಗ್ ಇಟ್ಟುಕೊಂಡು ಪೆದ್ದನ ಪಾತ್ರ. ಆಮೇಲೆ ಸೈನ್ಯ, ಅಲ್ಲೂ ನಾಟಕ. ಆಮೇಲೆ ಈ ಊರು, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾ ಬೇಸಿಗೆಯಲ್ಲಿ ಬೆಟ್ಟದ ಊರುಗಳ ನಾಟಕ. ಒಂದೇ ಒಂದು ಸಲ ಪತ್ರಿಕೆಯವರು ನನ್ನ ಹೆಸರು ಬರೆದರು, "ನೆಚ್ಚಿಕೊಳ್ಳಬಹುದಾದ ನಟ" ಅಂತ. ಕುದುರೆಗೂ ಹಾಗೇ ಹೇಳುತ್ತಾರೆ. ಆಮೇಲೆ ಡಾಕ್ಟರ್ ರೀಸ್. ಇಷ್ಟೇ, ಅಕ್ಕ.

ನಾಟಕ ನಡೆಯುತ್ತಿರುವಾಗ ಊರು ಬಿಟ್ಟು ಬರುವ ಹಾಗಿಲ್ಲ. ಬೇಸಿಗೆಯಲ್ಲಿ ನೋಡೋಣ.

ಲೊವೆಲ್


ಹೌಗೆನ್ ಪ್ರೇರಿ
೧೪ ನವೆಂಬರ್ ೧೯೬೬

ಪ್ರೀತಿಯ ತಮ್ಮ ಲೊವೆಲ್‌ಗೆ,

ಶುಕ್ರವಾರ ಕಳೆಯಿತು. ಮೆಲ್ವಿನ್ ಬೆಳಿಗ್ಗೆಯೇ ಟಿವಿಯ ಹಿಂಭಾಗ ತೆಗೆದು, ಒಂದು ಗಾಜಿನ ವಾಲ್ವ್ ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ಅಮ್ಮ ಗುಂಡಿ ತಿರುಗಿಸಿದಳು, ಬೆಳಕು ಬರಲಿಲ್ಲ. ಕೆಟ್ಟಿದೆ ಅಂದೆ. ಅವಳು ಏನೂ ನೋಡಲಿಲ್ಲ.

ಚರ್ಚಿನ ಸಭೆಯ ಹೆಂಗಸರು ಬಂದಿದ್ದರು. ಹಾಟ್‌ಡಿಶ್ ಒಲೆಯಲ್ಲಿ ಬೇಯಿಸಿ ತಂದುಕೊಟ್ಟರು, ಏಳು ಪಾತ್ರೆ. ಆಲೂಗಡ್ಡೆಯದು, ಟ್ಯೂನಾ ಮೀನಿನದು, ಬೊರ್ಗಿಲ್ಡ್ ಆವ್ನೆಯ ಕೋಳಿಯದು. ಎಲ್ಲರ ಕೈಯೂ ಧಾರಾಳ. ಪಾತ್ರೆಗಳನ್ನು ತೊಳೆದು ಹಿಂದಿರುಗಿಸುವುದರಲ್ಲೇ ನನ್ನ ವಾರ ಹೋಗುತ್ತದೆ.

ಅಮ್ಮ ಸುಮ್ಮನಿದ್ದಾಳೆ. ಊಟ ಸ್ವಲ್ಪ ಕಡಿಮೆಯಾಗಿದೆ. ಚಳಿ ಶುರುವಾಯಿತಲ್ಲ.

ಆರ್ಡಿಸ್


ನ್ಯೂಯಾರ್ಕ್
೧೮ ನವೆಂಬರ್ ೧೯೬೬

ಅಕ್ಕ,

ಏಳು ಹಾಟ್‌ಡಿಶ್! ನನ್ನ ಸಾವಿಗೆ ಇಲ್ಲಿ ಸ್ಟುಡಿಯೋದವರು ಒಂದು ಕೇಕು ತಂದಿದ್ದರು, ಅದೂ ಹಿಂದಿನ ದಿನದ್ದು. ಬೊರ್ಗಿಲ್ಡಮ್ಮ ನನಗೆ ಭಾನುವಾರದ ಪಾಠ ಹೇಳಿಕೊಡುವಾಗ ಕಿವಿ ಹಿಂಡುತ್ತಿದ್ದವರು, ಈಗ ಕೋಳಿ ಕೊಟ್ಟರೇ? ಪತ್ರಿಕೆಯವರ ಹೊಗಳಿಕೆಗಿಂತ ಇದು ಹೆಚ್ಚು. ಹೋಗಿ ಹೇಳು, ಡಾಕ್ಟರು ಪರಲೋಕದಿಂದ ವಂದನೆ ಕಳಿಸಿದ್ದಾರೆ ಅಂತ.

ಅಮ್ಮ ನೋಡಲಿಲ್ಲವಲ್ಲ, ಅಷ್ಟು ಸಾಕು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫೋನು ಮಾಡುತ್ತೇನೆ. ಟರ್ಕಿ ಕೋಳಿ ಒಲೆಯಲ್ಲಿರುವ ಹೊತ್ತಿಗೇ ಮಾಡುತ್ತೇನೆ, ಅವಳ ಕೈಗೆ ಕೊಡು. ಟಿವಿಯಲ್ಲಿ ಕಾಣದಿದ್ದರೂ ದನಿ ಕೇಳಲಿ.

ನಾಟಕ ಚೆನ್ನಾಗಿ ನಡೆಯುತ್ತಿದೆ.

ಲೊವೆಲ್


ನ್ಯೂಯಾರ್ಕ್
೨೫ ನವೆಂಬರ್ ೧೯೬೬

ಅಕ್ಕ,

ನಿನ್ನೆ ಫೋನು ಎತ್ತಿಕೊಂಡದ್ದು ಅಮ್ಮ. ನೀನು ಅಡುಗೆಮನೆಯಲ್ಲಿದ್ದೆಯೋ ಏನೋ. "ಅಮ್ಮಾ, ನಾನು, ಲೊವೆಲ್" ಅಂದೆ. ಇನ್ನೊಂದು ಸಲ ಅಂದೆ. ಆಗ ಅವಳು, "ನಾಚಿಕೆ ಆಗ್ಬೇಕು ನಿಮ್ಗೆ. ನಿಮ್ಗೂ ಹೆತ್ತ ತಾಯಿ ಅಂತ ಒಬ್ಳು ಇರ್ತಾಳೆ ಅಲ್ವಾ?" ಅಂದು ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ.

ಇಷ್ಟು ಕೋಪವೇ? ಆರು ವರ್ಷ ಬರಲಿಲ್ಲ, ಒಪ್ಪಿದೆ. ಆದರೆ ಅವಳು ನನ್ನನ್ನು "ನೀವು" ಅಂದದ್ದು ಇದೇ ಮೊದಲು. ಬೈಯುವಾಗ ಕೂಡ ಹಾಗೆ ಅಂದವಳಲ್ಲ. ನೀನು ಏನೋ ಬರೆಯುತ್ತಿಲ್ಲ ಅನ್ನಿಸುತ್ತಿದೆ.

ಲೊವೆಲ್


ಹೌಗೆನ್ ಪ್ರೇರಿ
೩೦ ನವೆಂಬರ್ ೧೯೬೬

ಪ್ರೀತಿಯ ತಮ್ಮ ಲೊವೆಲ್‌ಗೆ,

ಕೋಪವಲ್ಲ. ಅಮ್ಮನ ಪಾಲಿಗೆ ನೀನು ಸತ್ತಿದ್ದೀಯ.

ಆ ಶುಕ್ರವಾರ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಒಳಗೆ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಹಾಟ್‌ಡಿಶ್‌ಗಳು. ಬೊರ್ಗಿಲ್ಡ್ ಮತ್ತು ಇನ್ನಿಬ್ಬರು ಕೋಟು ಬಿಚ್ಚದೆ ನಿಂತಿದ್ದರು. ಅವರು ಬಂದದ್ದು ಅರ್ಧ ತಮಾಷೆಗೆ, ಅರ್ಧ ಪ್ರೀತಿಗೆ. ಬೊರ್ಗಿಲ್ಡ್ ಮುಖ ಉದ್ದ ಮಾಡಿಕೊಂಡು ಅಮ್ಮನ ಕೈ ಹಿಡಿದು, "ಡಾಕ್ಟ್ರು ಹೋಗ್ಬಿಟ್ರಲ್ಲ ಅಮ್ಮ, ಇವತ್ತು ನಿಮ್ಮನೇಲಿ ಯಾರಿಗೆ ಒಲೆ ಹಚ್ಚೋ ಮನಸ್ಸು ಬರುತ್ತೆ" ಅಂದಳಂತೆ. ಅಮ್ಮ "ಯಾವಾಗ?" ಅಂದಳಂತೆ. "ಈಗ ಮಧ್ಯಾಹ್ನ. ನಾನೇ ಕಣ್ಣಾರೆ ನೋಡ್ದೆ" ಅಂದಳಂತೆ ಬೊರ್ಗಿಲ್ಡ್.

ನಾನು ಬಂದಾಗ ಅಮ್ಮ ಒಂದು ಪಾತ್ರೆಯನ್ನು ಓರೆ ಮಾಡಿ ತಳ ನೋಡುತ್ತಿದ್ದಳು. ತಳದಲ್ಲಿ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ನಮ್ಮೂರಲ್ಲಿ ಹೆಸರು ಬರೆದ ಪಾತ್ರೆ ಒಬ್ಬರ ಮನೆಗೆ ಬರುವುದು ಯಾವಾಗ ಎಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಧಾನ್ಯದ ಗೋದಾಮಿನಲ್ಲಿ ತೀರಿಕೊಂಡ ದಿನದ ಸಂಗತಿ ನಿನಗೆ ಹೇಳಿದ್ದೆನಲ್ಲ. ಸಂಜೆಯ ತನಕ ಯಾರೂ ಅವಳಿಗೆ ಬಾಯಿ ಬಿಟ್ಟು ಹೇಳಲಿಲ್ಲ. ಸುದ್ದಿಗಿಂತ ಮೊದಲು ಪಾತ್ರೆಗಳು ಬಂದವು. ಅವಳು ಪಾತ್ರೆ ನೋಡಿಯೇ ತಿಳಿದುಕೊಂಡವಳು.

"ತಮಾಷೆ ಅಮ್ಮಾ, ಟಿವಿ ಕಥೆ ಅದು" ಅಂದೆ. ಬೊರ್ಗಿಲ್ಡ್‌ಗೆ ಆಗ ತಿಳಿಯಿತು, ಬಿಳುಚಿಕೊಂಡು ಕೂತುಬಿಟ್ಟಳು. ಅವಳ ಮುಖ ನೋಡಿ ಅಮ್ಮನ ನಂಬಿಕೆ ಇನ್ನೂ ಗಟ್ಟಿಯಾಯಿತು. ಅಮ್ಮ ಎದ್ದು ಹೋಗಿ ಸಾವಿನ ಮನೆಗೆ ಹಾಕುವ ಕರಿ ಬೂಟು ಹಾಕಿಕೊಂಡು ಬಂದಳು. ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಡು ಅಂದಳು.

ನಾನು ನಿನಗೆ ಹೇಗೆ ಬರೆಯಲಿ? ಎರಡು ದಿನದಲ್ಲಿ ಮರೆಯುತ್ತಾಳೆ ಅಂದುಕೊಂಡೆ. ಇದನ್ನು ಮಾತ್ರ ಮರೆಯುತ್ತಿಲ್ಲ.

ಆರ್ಡಿಸ್


ನ್ಯೂಯಾರ್ಕ್
೬ ಡಿಸೆಂಬರ್ ೧೯೬೬

ಅಕ್ಕ,

ಕಾಗದ ಬಂತು. ಓದಿದೆ. ಓದಿ ಅಂಗಿ ಇಸ್ತ್ರಿ ಮಾಡಿದೆ.

ಪಾಸ್ಟರ್ ಎಂಗೆನ್ ಅವರಿಂದ ಹೇಳಿಸು. ಅವರ ಮಾತು ನಂಬುತ್ತಾಳೆ. ನನಗೆ ಈಗ ಬರಲಾಗುವುದಿಲ್ಲ. ರಾತ್ರಿಯ ಆಟ, ಬುಧವಾರ ಶನಿವಾರ ಹಗಲು ಆಟ ಬೇರೆ. ನಾಟಕದ ನಟ ಪರದೆ ಏಳುವ ಅರ್ಧ ಗಂಟೆ ಮೊದಲು ಕೈಗೆ ಸಿಗಲೇಬೇಕು. ಅಪ್ಪನ ಮಣ್ಣಿಗೂ ನಾನು ಬಂದದ್ದು ಹಾಗೇ, ಎಲ್ಲ ಮುಗಿದ ಮೇಲೆ. ಗೊತ್ತಿದೆ, ನೀನು ಬರೆಯಬೇಡ.

ಲೊವೆಲ್


ಹೌಗೆನ್ ಪ್ರೇರಿ
೧೪ ಡಿಸೆಂಬರ್ ೧೯೬೬

ಪ್ರೀತಿಯ ತಮ್ಮ ಲೊವೆಲ್‌ಗೆ,

ಪಾಸ್ಟರ್ ಬಂದಿದ್ದರು. ಅಮ್ಮನ ಪಕ್ಕ ಕೂತು ಮೆಲ್ಲಗೆ ಹೇಳಿದರು, ನಿಮ್ಮ ಮಗ ಬದುಕಿದ್ದಾನೆ, ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದಾನೆ ಅಂತ. ಅವಳು ಅವರ ಕೈ ತಟ್ಟಿ, "ನೀವು ಒಳ್ಳೆಯವ್ರು. ಬದುಕಿದಾನೆ, ಕರ್ತನ ಹತ್ರ. ಅದನ್ನ ನಂಬ್ಕೊಂಡೇ ಇದೀನಿ" ಅಂದಳು. ಪಾಸ್ಟರ್ ಅದಕ್ಕೆ ಇಲ್ಲ ಅನ್ನುವುದು ಹೇಗೆ? ಕಾಫಿ ಕುಡಿದು ಎದ್ದರು. ಬಾಗಿಲಲ್ಲಿ, "ಆರ್ಡಿಸ್, ನಾನು ಮೂವತ್ತು ವರ್ಷದಿಂದ ಇದನ್ನೇ ಬೋಧಿಸ್ತಾ ಇದೀನಿ. ನನ್ ಬಾಯಿಂದ್ಲೇ ನನ್ನ ಕಟ್ಟಿಹಾಕ್ಬಿಟ್ರು" ಅಂದರು.

ಬೊರ್ಗಿಲ್ಡ್ ಮೂರು ಸಲ ಬಂದು ಅತ್ತು ಹೋದಳು. ಅಮ್ಮನೇ ಅವಳಿಗೆ ಸಮಾಧಾನ ಹೇಳಿ ಕಳಿಸುತ್ತಾಳೆ.

ಬೊರ್ಗಿಲ್ಡ್‌ಳ ಅಕ್ಕನ ಮಗಳು ವರ್ನಾ ಹೋದ ತಿಂಗಳು ನ್ಯೂಯಾರ್ಕಿಗೆ ಹೋಗಿದ್ದಳು. ನಿನ್ನ ನಾಟಕಕ್ಕೆ ಟಿಕೇಟು ತೆಗೆದುಕೊಂಡು ಹೋಗಿದ್ದಳಂತೆ. ನಾಟಕಶಾಲೆ ಚೆನ್ನಾಗಿದೆ, ಕುರ್ಚಿಗಳು ಮೆತ್ತಗಿವೆ ಅಂದಳು.

ಚಳಿಗೆ ಕೈಗವಸು ಹೆಣೆದು ಕಳಿಸಿದ್ದೇನೆ.

ಆರ್ಡಿಸ್


ನ್ಯೂಯಾರ್ಕ್
೧೬ ಜನವರಿ ೧೯೬೭

ಅಕ್ಕ,

ನಾಟಕ ಶನಿವಾರ ನಿಂತುಹೋಯಿತು. ವರ್ನಾ ನನ್ನನ್ನು ರಂಗದ ಮೇಲೆ ನೋಡಿಲ್ಲ, ನೀನು ಕುರ್ಚಿಯ ವಿಷಯ ಬರೆದಾಗಲೇ ಅದು ನಿನಗೂ ಗೊತ್ತಾಗಿದೆ ಎಂದು ತಿಳಿಯಿತು. ನಾನು ಬದಲಿ ನಟ. ಮುಖ್ಯ ನಟನಿಗೆ ಜ್ವರ ಬಂದರೆ ಹತ್ತುವವನು. ಅವನು ಗಟ್ಟಿ ಮನುಷ್ಯ. ದಿನಾ ಸಂಜೆ ಹೋಗಿ ಕಾಣಿಸಿಕೊಂಡು, ಎದುರುಗಡೆಯ ಅಂಗಡಿಯಲ್ಲಿ ಸೂಪು ಕುಡಿಯುತ್ತಾ ಪರದೆ ಬೀಳುವ ತನಕ ಕೂತಿರುತ್ತಿದ್ದೆ. ಇಡೀ ನಾಟಕ ಬಾಯಿಗೆ ಬರುತ್ತದೆ.

ಈಗ ಬರಬಹುದು. ಶನಿವಾರದ ಬಸ್ಸಿಗೆ ಬರುತ್ತೇನೆ. ಅವಳು ಮುಖ ನೋಡಿದರೆ ಎಲ್ಲ ಸರಿಹೋಗುತ್ತದೆ. ಒಂದು ಮಾತು, ನನ್ನ ತಲೆ ಪೂರ್ತಿ ನರೆತಿದೆ. ಡಾಕ್ಟರಿಗಾಗಿ ಕಪ್ಪು ಹಚ್ಚುತ್ತಿದ್ದರು, ಕನ್ನಡಕ ಹಾಕಿಸುತ್ತಿದ್ದರು. ನೀನು ನೋಡಿ ಗಾಬರಿಯಾಗಬೇಡ.

ಲೊವೆಲ್


ಹೌಗೆನ್ ಪ್ರೇರಿ
೩೧ ಜನವರಿ ೧೯೬೭

ತಮ್ಮನಿಗೆ,

ನೀನು ಹೋದ ಮೇಲೆ ಒಂದು ವಾರ ಪೆನ್ನು ಮುಟ್ಟಲಿಲ್ಲ. ಮನಸ್ಸಿನಲ್ಲಿರುವುದನ್ನು ಬರೆದುಬಿಡುತ್ತೇನೆ.

ನೀನು ಬಾಗಿಲಲ್ಲಿ ಟೋಪಿ ತೆಗೆದಾಗ, "ಅಮ್ಮಾ, ನೋಡು, ಲೊವೆಲ್ ಬಂದಿದಾನೆ" ಅಂದೆ. ಅವಳು ನೋಡಿದಳು. ಎದ್ದಳು. "ಬನ್ನಿ, ಕೂತ್ಕೊಳ್ಳಿ. ಈ ಚಳೀಲಿ ಅಷ್ಟು ದೂರದಿಂದ ಬಂದ್ರಲ್ಲ" ಅಂದಳು. ನಾನು ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ನನ್ ಮಗನ ಜೊತೆ ಕೆಲ್ಸ ಮಾಡ್ತಿದ್ರಾ?" ಅಂತ ಕೇಳಿದಳು. ನೀನು, "ಹೌದಮ್ಮ, ಜೊತೇಲೇ ಇದ್ವಿ" ಅಂದುಬಿಟ್ಟೆ. ಹೆಸರು ಕೇಳಿದರೆ ಪೌಲ್ಸನ್ ಅಂದೆ. ಅದು ಬಸ್ಸಿನ ಡ್ರೈವರಿನ ಹೆಸರು ಅಂತ ಆಮೇಲೆ ನನಗೆ ಹೇಳಿದೆ.

ಸುಳ್ಳುಸಾಕ್ಷಿ ಹೇಳಬಾರದು ಅಂತ ಇದೇ ಅಡುಗೆಮನೆಯಲ್ಲಿ ಅವಳು ನಿನಗೆ ಬಾಯಿಪಾಠ ಮಾಡಿಸಿದ್ದು. ನೀನು ಒಂದು ಹತ್ತು ನಿಮಿಷ ಗಟ್ಟಿಯಾಗಿ ನಿಂತಿದ್ದರೆ, "ನಾನೇ ಕಣಮ್ಮ" ಅಂತ ಅಳುತ್ತಾ ಕಾಲು ಹಿಡಿದಿದ್ದರೆ ಏನಾಗುತ್ತಿತ್ತೋ. ನೀನು ಪಾತ್ರ ಸಿಕ್ಕಿತು ಅಂತ ಹಿಡಿದುಕೊಂಡೆ. ಎರಡು ದಿನ ನನ್ನ ಮೇಜಿನಲ್ಲಿ ಕೂತು ಪೌಲ್ಸನ್ ಆಗಿ ಉಂಡೆ. ಮೆಲ್ವಿನ್ ಕೂಡ, "ಇನ್ನೊಂಚೂರು ಹಾಕ್ಕೊಳ್ಳಿ, ಪೌಲ್ಸನ್" ಅಂದ. ಅವನಿಗೆ ಬೈದೆ.

ಇನ್ನೊಂದೂ ಬರೆಯಬೇಕು. ನೀನು ಹೋದ ರಾತ್ರಿ ಅಮ್ಮ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದಳು. ನವೆಂಬರಿನಿಂದ ಮೊದಲ ಸಲ. ಹಾಗಾಗಿ ನಾನು ಏನು ಪ್ರಾರ್ಥಿಸಬೇಕೋ ನನಗೆ ತಿಳಿಯುತ್ತಿಲ್ಲ.

ಆರ್ಡಿಸ್


ನ್ಯೂಯಾರ್ಕ್
೬ ಫೆಬ್ರವರಿ ೧೯೬೭

ಅಕ್ಕ,

ನೀನು ಬರೆದದ್ದು ಸರಿ. ಪಾತ್ರ ಹಿಡಿದುಕೊಂಡದ್ದಲ್ಲ, ಅದು ತಾನೇ ಬಂತು. ಯಾರಾದರೂ ಎದುರಿಗೆ ಒಂದು ಮಾತು ಎಸೆದರೆ ಹಿಡಿಯುವುದು ಒಂದೇ ನನಗೆ ಗೊತ್ತಿರುವುದು.

ಭಾನುವಾರ ನೀವಿಬ್ಬರೂ ಸಭೆಗೆ ಹೋದಾಗ ಅವಳು ಪೌಲ್ಸನ್‌ಗೆ ಹೇಳಿದ್ದನ್ನು ನಿನಗೆ ಹೇಳಿರಲಿಲ್ಲ. "ಅವ್ನು ಡೇರೆ ನಾಟಕದವ್ರ ಲಾರಿ ಹತ್ತಿದ ದಿನ ನಾನು ಹೊರಗೆ ಬರ್ಲಿಲ್ಲ. ಬ್ರೆಡ್ಡಿನ ಹಿಟ್ಟು ನಾದ್ತಿದ್ದೆ. ಕೈಯೆಲ್ಲ ಹಿಟ್ಟಾಗಿದೆ ಅಂತ ಒಳಗಿಂದ್ಲೇ ಕೂಗ್ದೆ. ಹಿಟ್ಟು ಬೇಕಾದ್ರೆ ಕಾಯ್ತಿತ್ತು, ಅಲ್ವಾ ಪೌಲ್ಸನ್?" ನಾನು, ಹೌದಮ್ಮ ಅಂದೆ. "ನಗಿಸೋಕೆ ಚೆನ್ನಾಗಿ ಬರ್ತಿತ್ತು ಅವನಿಗೆ. ಅಳೋಕೆ ಬರ್ತಿರ್ಲಿಲ್ಲ. ಸುಳ್ಳು ಅಳು ಅಂತ ನಂಗೆ ಗೊತ್ತಾಗ್ತಿತ್ತು. ಟಿವೀಲೂ ಅಷ್ಟೇ." ಅದಕ್ಕೂ ಹೌದಮ್ಮ ಅಂದೆ.

ಇದನ್ನು ಅವಳು ಮಗನಿಗೆ ಹೇಳುತ್ತಿರಲಿಲ್ಲ. ನನ್ನ ಕಾಫಿ ಆರಿತ್ತು, ಅವಳೇ ಬಿಸಿ ಹಾಕಿದಳು. ನನಗೆ ಏನೂ ಅನ್ನಿಸಲಿಲ್ಲ, ಅಕ್ಕ. ಬಸ್ಸಿನಲ್ಲೂ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ, ಆಗ ಅನ್ನಿಸುತ್ತದೆ ಅಂತ ಕಾಯುತ್ತಿದ್ದೇನೆ.

ಲೊವೆಲ್


ನ್ಯೂಯಾರ್ಕ್
೨೮ ಮಾರ್ಚ್ ೧೯೬೭

ಅಕ್ಕ,

ಈಸ್ಟರ್ ಹಬ್ಬ ಚೆನ್ನಾಗಿ ಆಯಿತೇ?

ಧಾರಾವಾಹಿಯವರು ಕರೆದಿದ್ದಾರೆ. ಡಾಕ್ಟರ್ ಹೋದ ಮೇಲೆ ನೋಡುವವರು ಕಡಿಮೆಯಾದರಂತೆ, ಮೂಟೆಗಟ್ಟಲೆ ಕಾಗದ ಬಂದಿವೆಯಂತೆ. ಸತ್ತವನನ್ನು ಎಬ್ಬಿಸುವ ಹಾಗಿಲ್ಲ, ಸಮಾಧಿ ಕೂಡ ತೋರಿಸಿಬಿಟ್ಟಿದ್ದಾರೆ. ಅದಕ್ಕೆ ಒಬ್ಬ ಅಣ್ಣನನ್ನು ಹುಟ್ಟಿಸಿದ್ದಾರೆ. ದೂರದ ದೇಶದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ ಮರಳಿದ ಡಾಕ್ಟರ್ ಮಾರ್ಟಿನ್ ರೀಸ್. ನನ್ನ ನರೆತ ತಲೆ ನೋಡಿ ನಿರ್ಮಾಪಕ, "ಬಣ್ಣ ಹಚ್ಚೋ ಖರ್ಚೂ ಉಳೀತು" ಅಂದ. ಏಪ್ರಿಲ್ ೨೧, ಶುಕ್ರವಾರ. ಬರುವವರನ್ನೂ ಶುಕ್ರವಾರವೇ ತರುತ್ತಾರೆ.

ಒಪ್ಪಿಕೊಂಡಿಲ್ಲ. ನಿನ್ನನ್ನು ಕೇಳದೆ ಒಪ್ಪುವುದಿಲ್ಲ. ಬೇರೆ ಕೆಲಸವಿಲ್ಲ, ಅದು ಒಂದು ಕಡೆಗಿರಲಿ. ನಾನು ಯೋಚಿಸಿದ್ದು ಬೇರೆ. ನಾನು ಮನೆ ಬಿಟ್ಟ ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಬಾಗಿಲಲ್ಲಿ ನೋಡಿದ್ದಕ್ಕಿಂತ ಆ ಪೆಟ್ಟಿಗೆಯಲ್ಲಿ ನೋಡಿದ್ದೇ ಹೆಚ್ಚು. ಬಾಗಿಲಲ್ಲಿ ಗುರುತು ಸಿಗದಿದ್ದರೂ ಅಲ್ಲಿ ಸಿಕ್ಕೀತು. ಅದೇ ಹೊತ್ತು, ಅದೇ ಕುರ್ಚಿ, ಅದೇ ದನಿ. ನನ್ನ ಮಗ ಬದುಕಿದ್ದಾನೆ ಅಂದಾಳು.

ಇಲ್ಲವೇ ಎರಡನೆಯ ಸಲ ಪೆಟ್ಟು ಬಿದ್ದೀತು. ನೀನು ಬೇಡ ಅಂದರೆ ಬೇಡ.

ಲೊವೆಲ್


ಹೌಗೆನ್ ಪ್ರೇರಿ
೪ ಏಪ್ರಿಲ್ ೧೯೬೭

ಪ್ರೀತಿಯ ತಮ್ಮ ಲೊವೆಲ್‌ಗೆ,

ನಿನ್ನ ಕಾಗದವನ್ನು ಬೈಬಲ್ಲಿನೊಳಗಿಟ್ಟು ಮೂರು ದಿನ ಪ್ರಾರ್ಥಿಸಿದೆ. ಉತ್ತರ ಬರಲಿಲ್ಲ. ಬರದೆ ಇದ್ದಾಗ ಮುಂದಿರುವ ಕೆಲಸ ಮಾಡು ಅಂತ ಅಮ್ಮ ಹೇಳುತ್ತಿದ್ದಳು. ನಿನ್ನ ಕೆಲಸ ಇದು. ಒಪ್ಪಿಕೋ.

ಈಗ ಅವಳು ಮಧ್ಯಾಹ್ನ ಮಲಗುತ್ತಾಳೆ. ನವೆಂಬರಿನಿಂದ ಟಿವಿ ಹಚ್ಚಿಲ್ಲ. ಮೆಲ್ವಿನ್ ವಾಲ್ವ್ ತಂದು ಹಾಕುತ್ತಾನೆ. ನಾನು ಅವಳನ್ನು ಎಬ್ಬಿಸಿ ಕೂರಿಸುತ್ತೇನೆ. ಏನೂ ಹೇಳುವುದಿಲ್ಲ. ನಾನು ಹೇಳಿದ್ದನ್ನು ಅವಳು ನಂಬುವುದನ್ನು ಬಿಟ್ಟಿದ್ದಾಳೆ, ತಾನೇ ನೋಡಲಿ.

ಹೆಂಗಸರ ಕೂಟದಲ್ಲಿ ಎದ್ದು ನಿಂತು ಹೇಳಿದ್ದೇನೆ, ಆ ದಿನ ನಮ್ಮ ಮನೆಗೆ ಯಾರೂ ಒಂದು ಬಿಸ್ಕತ್ತನ್ನೂ ತರಕೂಡದು ಅಂತ. ಬೊರ್ಗಿಲ್ಡ್, "ನಾನು ಆ ದಿನ ಮನೆ ಬಾಗ್ಲೇ ತೆಗೆಯಲ್ಲ ಮಹರಾಯ್ತಿ" ಅಂದಳು.

ಆರ್ಡಿಸ್


ಹೌಗೆನ್ ಪ್ರೇರಿ
೨೪ ಏಪ್ರಿಲ್ ೧೯೬೭

ಪ್ರೀತಿಯ ತಮ್ಮ ಲೊವೆಲ್‌ಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶುಕ್ರವಾರ ಅಮ್ಮನನ್ನು ಎಬ್ಬಿಸಿ ಕೂರಿಸಿದೆ. ಕೈ ತೊಳೆಯಬೇಕು ಅನ್ನಲಿಲ್ಲ, ಏಪ್ರನ್ ಕೇಳಲಿಲ್ಲ. ಟಿವಿ ಹಚ್ಚಿದೆ. ಮೊದಲು ಆ ನರ್ಸ್ ಬಂದಳು. "ಇವ್ಳು ಇನ್ನೂ ಇದಾಳಾ" ಅಂದಳು ಅಮ್ಮ. ಆಮೇಲೆ ಆಸ್ಪತ್ರೆಯ ಬಾಗಿಲು ತೆರೆದು ನೀನು ಚೀಲ ಹಿಡಿದು ನಿಂತೆ. ಕ್ಯಾಮೆರಾ ನಿನ್ನ ಮುಖದ ಹತ್ತಿರ ಬಂತು. ಮೆಲ್ವಿನ್ ಕಾರ್ಖಾನೆಯಿಂದ ರಜೆ ಹಾಕಿ ಬಂದಿದ್ದ, ಅವನು ನಿಂತೇ ಇದ್ದ.

ಅಮ್ಮ ಮುಂದಕ್ಕೆ ಬಾಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಅರಳಿತು, ಲೊವೆಲ್. ಅದು ಸುಳ್ಳಲ್ಲ. "ಆರ್ಡಿಸ್, ನೋಡೇ, ನೋಡೇ" ಅಂದಳು. "ಪೌಲ್ಸನ್ ಅಲ್ವಾ ಇವ್ರು?"

ಅವಳು ಹಿಂದಕ್ಕೆ ಒರಗಿ ಕೂತಳು. "ಅವನ ಕೆಲ್ಸ ಇವರಿಗೆ ಕೊಟ್ಟಿದಾರೆ. ಒಳ್ಳೇದಾಯ್ತು. ಯಾರೋ ಗುರುತಿಲ್ಲದೋರಿಗೆ ಹೋಗ್ಲಿಲ್ಲವಲ್ಲ. ಗೆಳೆಯನಿಗೇ ಹೋಯ್ತು" ಅಂದಳು. ನೀನು ತಮ್ಮನ ಸಮಾಧಿಯ ಮುಂದೆ ನಿಂತು ಅತ್ತೆಯಲ್ಲ, ಆಗ ಅವಳೂ ಅತ್ತಳು. ನವೆಂಬರಿನಿಂದ ಅವಳು ಅತ್ತದ್ದು ಅದೇ ಮೊದಲು. ಇನ್ನೊಂದು ಮಾತು ಅಂದಳು. ಬರೆಯಬೇಕೋ ಬೇಡವೋ ಗೊತ್ತಿಲ್ಲ, ಬರೆಯುತ್ತೇನೆ. "ಲೊವೆಲ್‌ಗಿಂತ ಚೆನ್ನಾಗಿ ಅಳ್ತಾರೆ ಇವ್ರು."

ಮೆಲ್ವಿನ್ ಹೊರಗೆ ಹೋಗಿ ತನ್ನ ಲಾರಿಯಲ್ಲಿ ಕೂತುಕೊಂಡ.

ಈವತ್ತು ಸೋಮವಾರ. ಹನ್ನೆರಡಕ್ಕೇ ಕೈ ತೊಳೆದು, ಒಗೆದ ಏಪ್ರನ್ ಕಟ್ಟಿಕೊಂಡಳು. ನೀನು ಬಂದಾಗ, "ಪೌಲ್ಸನ್, ಕಾಲರಿನ ಗುಂಡಿ ಹಾಕ್ಕೊಳ್ಳಿ, ನೆಗಡಿ ಆಗುತ್ತೆ" ಅಂದಳು. ರಾತ್ರಿಯ ಪ್ರಾರ್ಥನೆಯಲ್ಲಿ ಮೊದಲು ಅಪ್ಪನ ಹೆಸರು, ನಿನ್ನ ಹೆಸರು, ಆಮೇಲೆ ಬದುಕಿರುವವರಲ್ಲಿ ಪೌಲ್ಸನ್ ಹೆಸರು ಹೇಳುತ್ತಾಳೆ. ನಾನು ಆಮೆನ್ ಅನ್ನುತ್ತೇನೆ. ಯಾರಿಗಾಗಿ ಅನ್ನುತ್ತೇನೋ ಕರ್ತನಿಗೆ ಗೊತ್ತು.

ಇನ್ನು ಅವಳಿಗೆ ನಿಜ ಹೇಳಬೇಡ, ತಮ್ಮ. ನಾನೂ ಹೇಳುವುದಿಲ್ಲ. ಅವಳು ಒಂದು ಸಲ ನಿನ್ನನ್ನು ಮಣ್ಣು ಮಾಡಿ ಕೂತಿದ್ದಾಳೆ. ಬೇಸಿಗೆಯಲ್ಲಿ ಪೌಲ್ಸನ್ ಅವರನ್ನು ಊಟಕ್ಕೆ ಕರೆ ಅಂತ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಕರೆದಿದ್ದೇನೆ ಅಂದುಕೋ.

ನಿನ್ನ ಅಕ್ಕ,
ಆರ್ಡಿಸ್


ನ್ಯೂಯಾರ್ಕ್
೧ ಮೇ ೧೯೬೭

ಶ್ರೀಮತಿ ಸೋರ್ವಿಗ್ ಅವರಿಗೆ ವಂದನೆಗಳು.

ತಾವು ಕ್ಷೇಮವೆಂದು ತಮ್ಮ ಮಗಳ ಕಾಗದದಿಂದ ತಿಳಿಯಿತು. ದಿನಾ ನನ್ನನ್ನು ನೋಡುತ್ತಿದ್ದೀರಂತೆ, ಬಹಳ ಸಂತೋಷ. ತಾವು ಹೇಳಿದಂತೆ ಈಗ ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದೇನೆ. ಇಲ್ಲಿಯವರು ಏಕೆಂದು ಕೇಳಿದರು. ಹಿರಿಯರೊಬ್ಬರು ಹೇಳಿದ್ದಾರೆ ಎಂದೆ.

ತಮ್ಮ ಮಗನ ಜಾಗ ನನಗೆ ಸಿಕ್ಕಿತು. ಅವರು ಇದ್ದಿದ್ದರೆ ನನಗೆ ಸಿಗುತ್ತಿರಲಿಲ್ಲ. ಇದಕ್ಕೆ ಏನು ಹೇಳಬೇಕೋ ತಿಳಿಯದು. ತಾವು ಬೇಸರಪಟ್ಟುಕೊಳ್ಳಲಿಲ್ಲ ಎಂಬುದೇ ದೊಡ್ಡದು.

ಊಟಕ್ಕೆ ಕರೆದಿದ್ದೀರಿ. ಜೂನ್ ತಿಂಗಳ ಎರಡನೆಯ ವಾರ ನನಗೆ ಬಿಡುವಿದೆ, ಬರುತ್ತೇನೆ. ನನಗಾಗಿ ವಿಶೇಷವೇನೂ ಮಾಡಬೇಡಿ, ಮನೆಯಲ್ಲಿದ್ದದ್ದು ಸಾಕು.

ಲೊವೆಲ್ ಬಗ್ಗೆ ತಾವು ಹೇಳುವುದು ಇನ್ನೂ ಇದ್ದರೆ ಕೂತು ಕೇಳುವ ಆಸೆಯಿದೆ. ಇಷ್ಟು ವರ್ಷ ಜೊತೆಯಲ್ಲೇ ಇದ್ದೆವು ಎಂದು ತಮಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ, ನನಗೆ ಅವನು ಅಷ್ಟಾಗಿ ಗೊತ್ತಿರಲಿಲ್ಲ.

ತಮ್ಮ ವಿಧೇಯ,
ಪೌಲ್ಸನ್